ವೊರೀ ತಗಡುಗಳಲ್ಲಿ ಭಾರತದ ರಾಜನನ್ನು ಹುಡುಕಬೇಡಿ

ಸಂಪಾದಕರಿಗೆ,

ಅಮೆರಿಕದಲ್ಲಿ ಹುಟ್ಟಿದ ಮಾರ್ಮನ್ ಎಂಬ ಕ್ರೈಸ್ತ ಪಂಥದಿಂದ ಬೇರೆಯಾದ ಸ್ಟ್ರ್ಯಾಂಗ್ ಬಣದ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆವು. ಕನ್ನಡದಲ್ಲಿ ಈ ವಿಷಯ ಬರುವುದೇ ಅಪರೂಪ. ಆದರೆ ಆ ಬಣ ಪವಿತ್ರವೆಂದು ನಂಬುವ ವೊರೀ ಹಿತ್ತಾಳೆ ತಗಡುಗಳಲ್ಲಿ ‘ರಾಜಾ ಮಾಂಚೌ’ ಎಂಬ ಹೆಸರಿರುವುದರಿಂದ ಪ್ರಾಚೀನ ಭಾರತೀಯರು ವಿಸ್ಕಾನ್ಸಿನ್‌ನಲ್ಲಿ ಆಳಿದ್ದರು ಎಂಬ ತೀರ್ಮಾನವನ್ನು ಹಾಗೇ ಬಿಡುವಂತಿಲ್ಲ.

ಪಂಥದ ಸ್ಥಾಪಕ ಜೋಸೆಫ್ ಸ್ಮಿತ್ 1844ರ ಜೂನ್ 27ರಂದು ಇಲಿನಾಯ್‌ನ ಕಾರ್ಥೇಜ್ ಜೈಲಿನಲ್ಲಿ ಗುಂಪಿನ ಗುಂಡಿಗೆ ಬಲಿಯಾದ. ಮುಂದಿನ ನಾಯಕ ಯಾರೆಂಬ ಜಗಳದಲ್ಲಿ ಬಹುಪಾಲು ಜನ ಬ್ರಿಗಮ್ ಯಂಗ್ ಕಡೆ ನಿಂತು, ಆಮೇಲೆ ಯೂಟಾಗೆ ಹೊರಟರು. ಜೇಮ್ಸ್ ಸ್ಟ್ರ್ಯಾಂಗ್ ಎಂಬ ವಕೀಲ ಪಂಥಕ್ಕೆ ಸೇರಿದ್ದೇ ಆ ವರ್ಷದ ಫೆಬ್ರವರಿಯಲ್ಲಿ. ಸ್ಮಿತ್ ತನ್ನನ್ನೇ ನೇಮಿಸಿದ್ದಾನೆಂದು ಜೂನ್ 18ರ ತಾರೀಕಿನ ಒಂದು ಪತ್ರವನ್ನು ಆತ ಮುಂದಿಟ್ಟ. ಪತ್ರ ಈಗ ಯೇಲ್ ವಿಶ್ವವಿದ್ಯಾಲಯದಲ್ಲಿದೆ. ಅದರ ಮೇಲಿನ ಅಂಚೆಮುದ್ರೆ ಅಸಲಿ ಎಂದೇ ಪರಿಶೀಲಿಸಿದವರು ಒಪ್ಪುತ್ತಾರೆ. ಸಹಿ ಮಾತ್ರ ಬಿಡಿಬಿಡಿ ಅಚ್ಚಕ್ಷರದಲ್ಲಿದೆ, ಸ್ಮಿತ್‌ನ ಕೈಬರಹಕ್ಕೆ ಹೊಂದುವುದಿಲ್ಲ. ಮುದ್ರೆ ಅಸಲಿಯಾದರೆ ಮುದ್ರೆ ಬಿದ್ದ ಹಾಳೆ ಅಸಲಿ, ಅಷ್ಟೇ. ಒಳಗಿನ ಬರಹಕ್ಕೆ ಬೇರೆಯೇ ಸಾಕ್ಷ್ಯ ಬೇಕು.

ಇನ್ನು ತಗಡುಗಳು. 1845ರ ಸೆಪ್ಟೆಂಬರ್ 13ರಂದು ವಿಸ್ಕಾನ್ಸಿನ್‌ನ ಬರ್ಲಿಂಗ್ಟನ್ ಬಳಿಯ ವೊರೀ ಎಂಬಲ್ಲಿ, ಸ್ಟ್ರ್ಯಾಂಗ್ ತೋರಿಸಿದ ಓಕ್ ಮರದ ಬುಡವನ್ನು ನಾಲ್ವರು ಅಗೆದರು. ಸುಟ್ಟ ಮಣ್ಣಿನ ಕವಚದೊಳಗೆ ಮೂರು ತಗಡು ಸಿಕ್ಕವು. ಉದ್ದ ಸುಮಾರು ಎರಡೂವರೆ ಇಂಚು. ಆರು ಮುಖಗಳಲ್ಲಿ ನಾಲ್ಕರಲ್ಲಿ ಯಾರೂ ಕಂಡರಿಯದ ಲಿಪಿ, ಒಂದರಲ್ಲಿ ಆ ಜಾಗದ ನಕ್ಷೆ, ಇನ್ನೊಂದರಲ್ಲಿ ಕಿರೀಟ, ರಾಜದಂಡ ಹೊತ್ತ ವ್ಯಕ್ತಿ. ಮಣ್ಣು ಮೊದಲು ಕದಡಿದ ಗುರುತಿರಲಿಲ್ಲ ಎಂದು ನಾಲ್ವರೂ ಸಹಿ ಹಾಕಿ ಹೇಳಿಕೆ ಕೊಟ್ಟರು. ಓದಿ ಅನುವಾದಿಸಿದ್ದು ಸ್ಟ್ರ್ಯಾಂಗ್ ಒಬ್ಬನೇ.

ಮೈಸೂರು, ಮಂಡ್ಯದ ಓದುಗರಿಗೆ ಇಂಥದ್ದನ್ನು ಪರೀಕ್ಷಿಸುವ ಬಗೆ ಹೊಸತಲ್ಲ. ಗಂಗರ ಹೆಸರಿನ ಎಷ್ಟೋ ತಾಮ್ರಪಟಗಳು ಕೂಟಶಾಸನಗಳೆಂದು, ಅಂದರೆ ನಕಲಿಯೆಂದು, ಶಾಸನತಜ್ಞ ಫ್ಲೀಟ್ ತಕರಾರು ಎತ್ತಿದಾಗ, ಮೈಸೂರಿನ ಶಾಸನಗಳನ್ನು ಸಂಪಾದಿಸಿದ ರೈಸ್ ಅವರಿಗೂ ಫ್ಲೀಟ್‌ಗೂ ನಡೆದ ವಾದ ನಿಂತಿದ್ದು ಐದು ಪ್ರಶ್ನೆಗಳ ಮೇಲೆ: ಲಿಪಿ ಆ ಕಾಲದ್ದೇ, ತಿಥಿವಾರ ತಾಳೆಯಾಗುತ್ತದೆಯೇ, ವಂಶಾವಳಿ ಬೇರೆ ಶಾಸನಗಳಿಗೆ ಹೊಂದುತ್ತದೆಯೇ, ಭಾಷೆ ಎಂಥದ್ದು, ಆಮೇಲೆ ನಡೆದ ಸಂಗತಿ ಮೊದಲೇ ನುಸುಳಿದೆಯೇ. ಯಾರ ಮಾತು ಸರಿ ಎಂಬುದು ಹಾಗಿರಲಿ, ಮತ್ತೆ ನೋಡಲು ಅವರ ಮುಂದೆ ತಾಮ್ರಪಟಗಳಾದರೂ ಇದ್ದವು.

ವೊರೀ ತಗಡುಗಳಿಗೆ ಮೊದಲ ನಾಲ್ಕು ಪ್ರಶ್ನೆ ಕೇಳುವುದೇ ಕಷ್ಟ. ಆ ಲಿಪಿಯಲ್ಲಿ ಬೇರೆ ಬರಹವಿಲ್ಲ, ಪಾಠದಲ್ಲಿ ಕಾಲಸೂಚನೆಯಿಲ್ಲ, ತಗಡುಗಳು 1900ರ ಆಸುಪಾಸಿನಲ್ಲಿ ಕಾಣೆಯಾದವು. ಉಳಿದಿರುವುದು ಅಕ್ಷರಗಳ ಅಚ್ಚುಪ್ರತಿ ಮಾತ್ರ. ಐದನೆಯ ಪ್ರಶ್ನೆಗೆ ಉತ್ತರ ಪಾಠದಲ್ಲೇ ಇದೆ. ಮುಂಗಾಮಿಯನ್ನು ಜನ ಕೊಲ್ಲುವರು, ಬಳಿಕ ಇಲ್ಲೊಬ್ಬ ಮಹಾಪ್ರವಾದಿ ನೆಲೆಸುವನು ಎನ್ನುತ್ತದೆ ಅದು. ತಗಡು ಸಿಗುವ ಹೊತ್ತಿಗೆ ಸ್ಮಿತ್ ಸತ್ತು ವರ್ಷ ದಾಟಿತ್ತು. ಸ್ಟ್ರ್ಯಾಂಗ್ ಕಡೆಯವರೇ ಹಳೆಯ ಕೆಟಲ್ಲಿನ ಹಿತ್ತಾಳೆಯಿಂದ ತಗಡು ಮಾಡಿ, ಭೈರಿಗೆಯಿಂದ ಓರೆಯಾಗಿ ತೂತು ಕೊರೆದು ಮರದಡಿ ಇಟ್ಟರೆಂಬ ಆರೋಪವೂ ಉಂಟು. ಆದರೆ ಅದು ಅಚ್ಚಾದದ್ದು 1888ರಲ್ಲಿ, ಅದೂ ಕೇಳಿದವರು ಹೇಳಿದ ಮಾತಾಗಿ. ಹಾಗಾಗಿ ಅದನ್ನೂ ನಿರ್ಣಾಯಕ ಎನ್ನಲಾಗದು. ‘ರಾಜಾ’ ಎಂಬ ಪದವಂತೂ 1845ರಲ್ಲಿ ಇಂಗ್ಲಿಷ್ ಪತ್ರಿಕೆ ಓದುವ ಯಾರಿಗೂ ಗೊತ್ತಿತ್ತು. ಅದನ್ನು ಹಿಡಿದು ಭಾರತದ ಪ್ರಾಚೀನ ಹೆಜ್ಜೆಗಳನ್ನು ಹುಡುಕುವುದು ನಮ್ಮ ಶಾಸನವಿದ್ವಾಂಸರ ಶ್ರಮಕ್ಕೆ ಮಾಡುವ ಅನ್ಯಾಯ.

ಲೇಖನದ ಇನ್ನೊಂದು ತಪ್ಪು ಈ ಬಣದ ಧರ್ಮಗ್ರಂಥ ‘ಬುಕ್ ಆಫ್ ದ ಲಾ ಆಫ್ ದ ಲಾರ್ಡ್’ ಕುರಿತದ್ದು. ಇದು ವೊರೀ ತಗಡುಗಳ ಅನುವಾದವಲ್ಲ. ಲೇಬನ್ ತಗಡುಗಳೆಂಬ ಬೇರೆಯೇ 18 ಫಲಕಗಳಿಂದ ಬಂದದ್ದೆಂದು ಸ್ಟ್ರ್ಯಾಂಗ್ ಹೇಳಿದ; ಅವನ್ನು ಕಂಡೆವೆಂದು ಏಳು ಜನ ಸಾಕ್ಷಿ ನುಡಿದರು. ಮಿಷಿಗನ್ ಸರೋವರದ ಬೀವರ್ ದ್ವೀಪದಲ್ಲಿ 1851ರಲ್ಲಿ ಮೊದಲು ಅಚ್ಚಾಯಿತು. 1856ರ ವಿಸ್ತೃತ ಆವೃತ್ತಿಯಲ್ಲಿ ಸ್ಟ್ರ್ಯಾಂಗ್‌ನ ಸ್ವಂತ ಟಿಪ್ಪಣಿಗಳಿವೆ. ಮೂಲಪಾಠ ಯಾವುದು, ಟಿಪ್ಪಣಿ ಯಾವುದು ಎಂದು ಬೇರ್ಪಡಿಸದೆ ಉದ್ಧರಿಸಿದರೆ ಓದುಗ ದಾರಿ ತಪ್ಪುತ್ತಾನೆ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬುದನ್ನು ಬೈಬಲ್ಲಿನ ದಶಾಜ್ಞೆಗಳ ಒಳಗೇ ನಾಲ್ಕನೆಯದಾಗಿ ಸೇರಿಸಿರುವುದು ಈ ಗ್ರಂಥದ ವಿಶೇಷ. ಲೇಖನ ಅದನ್ನು ಪ್ರಸ್ತಾಪಿಸಲೇ ಇಲ್ಲ.

ಸ್ಟ್ರ್ಯಾಂಗ್ 1850ರ ಜುಲೈ 8ರಂದು ಆ ದ್ವೀಪದಲ್ಲಿ ರಾಜನಾಗಿ ಕಿರೀಟ ಧರಿಸಿದ್ದೂ, ಐವರು ಹೆಂಡತಿಯರಿದ್ದದ್ದೂ ನಿಜ. ಆದರೆ ಇಂದು ಅರಿಜೋನ, ಯೂಟಾ ಗಡಿಯ ಬಹುಪತ್ನೀ ಗುಂಪುಗಳಿಗೂ ಈ ಬಣಕ್ಕೂ ಸಂಬಂಧವಿಲ್ಲ. ಆ ಗುಂಪುಗಳ ಬೇರು ಬ್ರಿಗಮ್ ಯಂಗ್ ಕಡೆಯದು. 1856ರ ಜೂನ್ 16ರಂದು ಗುಂಡೇಟು ತಿಂದ ಸ್ಟ್ರ್ಯಾಂಗ್ ಜುಲೈ 9ರಂದು ಸತ್ತ. ಉತ್ತರಾಧಿಕಾರಿಯನ್ನು ಹೆಸರಿಸಲಿಲ್ಲ. ಅನುಯಾಯಿಗಳನ್ನು ದ್ವೀಪದಿಂದ ಓಡಿಸಲಾಯಿತು. ಪ್ರವಾದಿಯ ನೇಮಕ ದೇವದೂತರಿಂದಲೇ ಆಗಬೇಕೆಂದು ನಂಬುವ ಅವರು ಬೇರೊಬ್ಬನನ್ನು ಆರಿಸಿಕೊಂಡಿಲ್ಲ. ಶನಿವಾರವನ್ನೇ ಸಬ್ಬತ್ (ವಾರದ ವಿಶ್ರಾಂತಿ, ಪ್ರಾರ್ಥನೆಯ ದಿನ) ಎಂದು ಆಚರಿಸುತ್ತ ಸಣ್ಣ ಸಮುದಾಯವಾಗಿ ಇಂದಿಗೂ ಉಳಿದಿದ್ದಾರೆ. ಬದುಕಿರುವ ಜನರ ನಂಬಿಕೆ ಇದು. ಲೇಖನದಲ್ಲಿದ್ದ ‘ಕಳ್ಳಪಂಥ’ ಎಂಬ ಪದ ಬೇಡವಿತ್ತು.

ಭಾರತದ ನಂಟಿನ ಬಗ್ಗೆ ಒಂದು ತಿದ್ದುಪಡಿ ಪ್ರಕಟಿಸಿ. ಮುಂದಿನ ಲೇಖನಗಳಲ್ಲಿ ಯಾವ ಬಣ, ಯಾವ ವರ್ಷದ ಆವೃತ್ತಿ, ಯಾರ ಹೇಳಿಕೆ ಎಂಬುದನ್ನು ಆಯಾ ವಾಕ್ಯದಲ್ಲೇ ಬರೆಯುವಂತೆ ಲೇಖಕರಿಗೆ ತಿಳಿಸಿ.

— ಶಾಸನಾಸಕ್ತ ಓದುಗರು, ಸರಸ್ವತಿಪುರಂ, ಮೈಸೂರು