ಜನವರಿ 1ಕ್ಕೆ ಹುಟ್ಟಿದವರ ಪಿಂಚಣಿ: ನಮ್ಮ ಸಂಸದರಿಗೊಂದು ಬಹಿರಂಗ ಪತ್ರ

ಮೈಸೂರು-ಕೊಡಗು ಲೋಕಸಭಾ ಕ್ಷೇತ್ರದ ಮಾನ್ಯ ಸಂಸದರಿಗೆ,

ನಮಸ್ಕಾರ. ನಾನು ಸಿದ್ದಾಪುರ ಕಡೆಯ ಒಂದು ಕಾಫಿ ತೋಟದಲ್ಲಿ 29 ವರ್ಷ ರೈಟರ್ ಆಗಿದ್ದವನು. ರೈಟರ್ ಅಂದ ತಕ್ಷಣ ಕತೆ-ಕವನ ಅಂದುಕೊಳ್ಳಬೇಡಿ. ಬೆಳಿಗ್ಗೆ ಹಾಜರಿ ಕೂಗಿ, ಚೆಕ್‌ರೋಲ್ ತುಂಬಿ, ವಾರಕ್ಕೊಮ್ಮೆ ಬಟವಾಡೆ ಮಾಡುವವನಿಗೆ ನಮ್ಮ ಕಡೆ ಹಾಗನ್ನುತ್ತಾರೆ. 2018ರಲ್ಲಿ ಕೆಲಸ ಬಿಟ್ಟು ಮನೆಯಲ್ಲಿದ್ದೇನೆ. ಈ ಪತ್ರ ಅರ್ಧ ದೂರು, ಅರ್ಧ ತಪ್ಪೊಪ್ಪಿಗೆ.

ತಪ್ಪೊಪ್ಪಿಗೆ ಮೊದಲು ಮುಗಿಸುತ್ತೇನೆ. ನಮ್ಮ ತೋಟದಲ್ಲಿ ಅರ್ಧಕ್ಕರ್ಧ ಜನ ಹುಟ್ಟಿದ್ದು ಜನವರಿ 1ಕ್ಕೆ. ಹುಟ್ಟಿಸಿದ್ದು ನಾನೇ! ಪಿಎಫ್ ಫಾರಂನಲ್ಲಿ ಹುಟ್ಟಿದ ತಾರೀಕಿನ ಜಾಗ ಖಾಲಿ ಬಿಡುವ ಹಾಗಿರಲಿಲ್ಲ. ಕೇಳಿದರೆ, "ಮಳೆಗೆ ಗದ್ದೆ ಕೊಚ್ಚಿಹೋದ ವರ್ಷ ನಾನು ಕೈಕೂಸು" ಅನ್ನುತ್ತಿದ್ದರು. ಯಾವ ಮಳೆ, ಯಾವ ವರ್ಷ? ಮುಖ ನೋಡಿ, ಮಕ್ಕಳೆಷ್ಟು ಅಂತ ಕೇಳಿ, ಒಂದು ಇಸವಿ ಹಾಕುತ್ತಿದ್ದೆ. ತಾರೀಕು 1, ತಿಂಗಳು 1. ಹಿಂದೆ ಇನ್ನೂ ಇಪ್ಪತ್ತು ಜನ ನಿಂತಿರುತ್ತಿದ್ದರು. ಹಣ್ಣು ಉದುರುತ್ತಿದೆ, ಬೇಗ ಕಳಿಸಿ ಅಂತ ಮೇಸ್ತ್ರಿಯ ಅವಸರ ಬೇರೆ.

ಹೆಸರಿನದೂ ಅದೇ ಪಾಡು. ಕಾವೇರಿ ಅಂತ ಹೆಸರಿದ್ದವರನ್ನು ಇಂಗ್ಲಿಷಿನಲ್ಲಿ ಒಂದು ಪುಟದಲ್ಲಿ 'ಕೆ'ಯಿಂದ, ಇನ್ನೊಂದು ಪುಟದಲ್ಲಿ 'ಸಿ'ಯಿಂದ ಬರೆದಿದ್ದೇನೆ. ನಮ್ಮ ಹೊಳೆಯ ಹೆಸರನ್ನೇ ಎರಡು ಥರ ಬರೆಯುತ್ತಾರೆ, ನಂದೇನು ಮಹಾ ಅಂದುಕೊಂಡಿದ್ದೆ.

ನಾಲ್ಕು ವರ್ಷ ಆದಮೇಲೆ, 2022ರಲ್ಲಿ, ಒಬ್ಬ ಹೆಂಗಸು ನಮ್ಮ ಮನೆಗೆ ಬಂದರು. ಹೆಸರು ಬೇಡ. 2003ರಿಂದ ನಮ್ಮ ತೋಟದಲ್ಲಿ ಕೆಲಸ ಮಾಡಿದವರು. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಕಾಗದಗಳು. ಜಗಲಿಯ ತುದಿಯಲ್ಲಿ ಕೂತು ಒಂದೊಂದಾಗಿ ತೆಗೆದಿಟ್ಟರು. "ರೈಟ್ರೇ, ನಾನು ಹುಟ್ಟಿದ್ದು ಯಾವತ್ತು ಅಂತ ಬರ್ದಿದ್ದು ನೀವೇ ಅಲ್ವಾ? ಅದು ತಪ್ಪಂತೆ."

ಪಿಎಫ್ ದಾಖಲೆಯಲ್ಲಿ 1964 ಅಂತಿತ್ತು. ಆ ಲೆಕ್ಕದಲ್ಲಿ 58 ತುಂಬಿತು ಅಂತ ತೋಟದವರು ಕಳಿಸಿಕೊಟ್ಟಿದ್ದರು. ಆಧಾರ್‌ನಲ್ಲಿ ನೋಡಿದರೆ 1966. ಅಂದರೆ ಇನ್ನೂ 56. ಆಧಾರ್ ಮಾಡಿದ ಹುಡುಗನೂ ಮುಖ ನೋಡಿಯೇ ಬರೆದದ್ದಂತೆ. ನನ್ನ ಊಹೆಗೂ ಅವನ ಊಹೆಗೂ ತಾಳೆ ಬೀಳಲಿಲ್ಲ, ಪಿಂಚಣಿ ನಿಂತಿತು.

ತಿದ್ದಲು ಪುರಾವೆ ಬೇಕು. ಶಾಲೆಯ ಮೆಟ್ಟಿಲು ಹತ್ತದವರು ಅಂಕಪಟ್ಟಿ ಎಲ್ಲಿಂದ ತರಬೇಕು? ತೋಟದ ಕೂಲಿಯವರ ಲೈನ್ ಮನೆಯಲ್ಲಿ ಹುಟ್ಟಿದವರಿಗೆ ಜನನ ಪತ್ರ ಯಾರು ಕೊಟ್ಟಿದ್ದರು? ಹಾಗಾದರೆ ಸರ್ಜನ್ ಸರ್ಟಿಫಿಕೇಟು, ಅಫಿಡವಿಟ್ಟು ಅಂದರು. ಇದರ ನಡುವೆ 2024ರ ಜನವರಿಯಲ್ಲಿ ಪಿಎಫ್‌ನವರು ಹುಟ್ಟಿದ ದಿನಾಂಕದ ಪುರಾವೆಗಳ ಪಟ್ಟಿಯಿಂದ ಆಧಾರ್ ಅನ್ನು ತೆಗೆದರು. ಅಲ್ಲಿಗೆ, ಆಧಾರ್ ಜೊತೆ ತಾಳೆಯೂ ಆಗಬೇಕು, ಆಧಾರ್ ಪುರಾವೆಯೂ ಅಲ್ಲ. ಒಂದೊಂದು ಸಲ ಹೋಗಿ ಬರುವುದಕ್ಕೂ ಒಂದು ದಿನ. 2023ರಿಂದ ಬಸ್ಸೇನೋ ಹೆಂಗಸರಿಗೆ ಫ್ರೀ. ಆ ದಿನದ ಕೂಲಿ ಯಾರು ಕೊಡುತ್ತಾರೆ?

ಈಗ ತಿದ್ದುಪಡಿ ಸುಲಭ ಆಗಿದೆ ಅಂತ ನೀವು ಹೇಳಬಹುದು. ಹೌದು, 2025ರ ಜನವರಿಯಲ್ಲಿ ಸುಲಭ ಮಾಡಿದರು. ಯಾರಿಗೆ ಅಂತ ನೋಡಿ. 2017ರ ಅಕ್ಟೋಬರ್ 1ರ ನಂತರ ಆಧಾರ್ ಜೋಡಿಸಿ ಯುಎಎನ್ (ಎಲ್ಲಿ ಕೆಲಸ ಮಾಡಿದರೂ ಬದಲಾಗದ ಪಿಎಫ್ ನಂಬರ್) ಪಡೆದವರು ಹೆಸರು, ಹುಟ್ಟಿದ ತಾರೀಕನ್ನು ತಾವೇ ತಿದ್ದಿಕೊಳ್ಳಬಹುದು. ಅದಕ್ಕಿಂತ ಹಳಬರಿಗೆ ಮಾಲೀಕರ ಒಪ್ಪಿಗೆ ಬೇಕು. ಕಂಪ್ಯೂಟರಿನಲ್ಲೇ ಕೆಲಸಕ್ಕೆ ಸೇರಿದ ಹುಡುಗರಿಗೆ ನೇರ ದಾರಿ. ನನ್ನಂಥವನ ಕೈಬರಹ ನಂಬಿ ಕೂತ ಮುದುಕರಿಗೆ ಸುತ್ತುದಾರಿ. ತಪ್ಪು ಜಾಸ್ತಿ ಇರುವುದು ಯಾರ ದಾಖಲೆಯಲ್ಲಿ, ಸ್ವಾಮಿ?

ಇಷ್ಟಾದರೂ ತಾರೀಕಿನ ತಪ್ಪು ಚಿಕ್ಕದು. ಕಾಣೆಯಾದ ವರ್ಷಗಳ ಮುಂದೆ ಇದು ಏನೂ ಅಲ್ಲ.

ನಮ್ಮಲ್ಲಿಗೆ ಬರುವ ಮೊದಲು ಇದೇ ಹೆಂಗಸು 1997ರಿಂದ 2003ರವರೆಗೆ ಇನ್ನೊಂದು ತೋಟದಲ್ಲಿದ್ದರು. ಅಲ್ಲಿ ಬೇರೆ ಪಿಎಫ್ ನಂಬರ್. ಎರಡನ್ನೂ ಸೇರಿಸಬೇಕು ಅಂತ ಅವರಿಗೆ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಆ ತೋಟ ಆಮೇಲೆ ಎರಡು ಸಲ ಕೈ ಬದಲಾಯಿತು. ರಿಜಿಸ್ಟರ್ ಇಟ್ಟಿದ್ದ ಕೋಣೆ ಸೋರಿ, ಪುಸ್ತಕಕ್ಕೆಲ್ಲ ಗೆದ್ದಲು ಹಿಡಿದು, ಈಗಿನವರು ಕೈ ಚೆಲ್ಲಿದ್ದಾರೆ.

ಆರು ವರ್ಷ ಹೋದರೆ ಏನಾಗುತ್ತದೆ? ಪಿಎಫ್ ಪಿಂಚಣಿಯ ಲೆಕ್ಕ ಸರಳ. ಸರಾಸರಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಸುಲಭಕ್ಕೆ ಸಂಬಳ 10,500 ಅಂತಿಟ್ಟುಕೊಳ್ಳಿ. ಒಂದು ವರ್ಷದ ಸೇವೆಗೆ ತಿಂಗಳಿಗೆ 150 ರೂಪಾಯಿ ಬಿತ್ತು. 19 ವರ್ಷಕ್ಕೆ 2,850. ಕಳೆದುಹೋದ 6 ವರ್ಷ ಸೇರಿದ್ದರೆ 25. ಅದಷ್ಟೇ ಅಲ್ಲ, 20 ವರ್ಷ ದಾಟಿದವರಿಗೆ 2 ವರ್ಷ ಹೆಚ್ಚುವರಿಯಾಗಿ ಸೇರಿಸುವ ನಿಯಮ ಇದೆ. ಅಂದರೆ 27 ವರ್ಷದ ಲೆಕ್ಕ, 4,050 ರೂಪಾಯಿ. ತಿಂಗಳಿಗೆ 1,200 ರೂಪಾಯಿ ಗೆದ್ದಲಿನ ಪಾಲಾಯಿತು. 2014ರಿಂದ ಇರುವ ಕನಿಷ್ಠ ಪಿಂಚಣಿಯೇ 1,000 ನೋಡಿ. (ಆ ಸಾವಿರವನ್ನು ಜಾಸ್ತಿ ಮಾಡಿ ಅನ್ನುವುದು ಬೇರೆ ಜಗಳ. ಅದಕ್ಕೂ ನಾನು ಬರುತ್ತೇನೆ, ಇವತ್ತಲ್ಲ.) ಇನ್ನು ಇಲ್ಲಿ ಆರು, ಅಲ್ಲಿ ಐದು ಅಂತ ದುಡಿದು ಎರಡನ್ನೂ ಸೇರಿಸದವರಿಗೆ ಯಾವ ಕಡೆಯೂ 10 ವರ್ಷ ತುಂಬುವುದಿಲ್ಲ. 10 ತುಂಬದಿದ್ದರೆ ತಿಂಗಳ ಪಿಂಚಣಿಯೇ ಇಲ್ಲ.

ನನಗೆ ಅರ್ಥವಾಗದ ಸಂಗತಿ ಒಂದಿದೆ. ನಾವು ರೈಟರುಗಳು ವರ್ಷ ವರ್ಷ 3ಎ ಅನ್ನುವ ಫಾರಂ ತುಂಬುತ್ತಿದ್ದೆವು. ಒಬ್ಬೊಬ್ಬ ಕೆಲಸದವರಿಗೆ ಒಂದೊಂದು ಹಾಳೆ. ತಿಂಗಳ ಸಂಬಳ, ಕಟ್ಟಿದ ಹಣ, ಪಿಂಚಣಿಗೆ ಹೋದ ಶೇ. 8.33, ಹಣ ಕಟ್ಟದ ದಿನಗಳು, ಎಲ್ಲ ಅದರಲ್ಲಿ. ಕಾರ್ಬನ್ ಪೇಪರ್ ಒತ್ತಿ ಒತ್ತಿ ಬೆರಳು ನೀಲಿಯಾಗುತ್ತಿತ್ತು. ಒಂದು ಪ್ರತಿ ತೋಟಕ್ಕೆ, ಒಂದು ಪಿಎಫ್ ಕಚೇರಿಗೆ. ತೋಟದ ಪ್ರತಿ ಗೆದ್ದಲು ತಿಂದಿತು ಅನ್ನೋಣ. ಕಚೇರಿಗೆ ಹೋದ ಪ್ರತಿಗಳನ್ನು ಹುಡುಕುವ ಕೆಲಸ ಓದುಬರಹ ಇಲ್ಲದ ಹೆಂಗಸಿನದೇ? ದುಡ್ಡು ತೆಗೆದುಕೊಂಡವರ ಹತ್ತಿರ ಲೆಕ್ಕ ಇರಬೇಕಲ್ವಾ?

ಕೇಂದ್ರ ಸರ್ಕಾರಕ್ಕೆ ಕೆಲಸ ಮಾಡಲು ಬರುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಅದೇ 2025ರ ಜನವರಿಯಿಂದ ಪಿಂಚಣಿ ಯಾವ ಬ್ಯಾಂಕಿನ ಯಾವ ಶಾಖೆಗೆ ಬೇಕಾದರೂ ಬರುತ್ತಿದೆ. ಮಗಳ ಮನೆಗೆ ಹೋಗಿ ಇರುವವರು ಕಾಗದ ವರ್ಗಾವಣೆಗೆ ಅಲೆಯಬೇಕಾಗಿಲ್ಲ. 68 ಲಕ್ಷಕ್ಕೂ ಜಾಸ್ತಿ ಪಿಂಚಣಿದಾರರಿಗೆ ಇದು ಅನುಕೂಲವಾಯಿತು. ಬಹಳ ಒಳ್ಳೆಯದು. ಪಿಂಚಣಿದಾರರು ಬದುಕಿದ್ದೇವೆ ಅಂತ ವರ್ಷಕ್ಕೊಮ್ಮೆ ಕೊಡುವ ಜೀವನ್ ಪ್ರಮಾಣ್‌ಗೂ ಫೋನಿಗೆ ಮುಖ ತೋರಿಸಿದರೆ ಸಾಕು. ಮೆಣಸು ಬಿಡಿಸಿ, ಕಾಫಿ ಕುಯ್ದು ಬೆರಳಿನ ಗೆರೆಯೇ ಸವೆದವರಿಗೆ ಅದು ದೊಡ್ಡ ಉಪಕಾರ. ನೆಟ್‌ವರ್ಕ್ ಇದ್ದ ದಿನ.

ಕೊಡುವ ತುದಿಯಲ್ಲಿ ಇಷ್ಟು ಮಾಡಿದವರು ಬರೆದಿಡುವ ತುದಿಗೂ ಬರಲಿ ಅನ್ನುವುದು ನನ್ನ ಕೋರಿಕೆ. ಕಾಫಿ ತೋಟಗಳಿಗೆ ಪಿಎಫ್ ಕಾಯ್ದೆ ಬಂದದ್ದು 1957ರಲ್ಲಿ. ಈ ಪಿಂಚಣಿ ಯೋಜನೆ ಶುರುವಾದದ್ದು 1995ರ ನವೆಂಬರ್ 16ಕ್ಕೆ. ಅಷ್ಟೂ ವರ್ಷದ ಹಳೇ ಹಾಳೆಗಳನ್ನು ಸ್ಕ್ಯಾನ್ ಮಾಡುವ ಕೆಲಸ ಕೊಡಗಿನಲ್ಲಿ ಮೊದಲು ಆಗಲಿ. ಇಲ್ಲಿನ ಮಳೆಗಾಲ ಕಾಗದವನ್ನು ಉಳಿಸುವುದಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮನೆಯೇ ಹೋದವರ ಹತ್ತಿರ ಯಾವ ಚೀಟಿ ಉಳಿದೀತು? ತಿದ್ದುಪಡಿ ನಡೆಯುತ್ತಿರುವಾಗ, ತಕರಾರಿಲ್ಲದ ವರ್ಷಗಳಿಗೆ ಪಿಂಚಣಿ ಶುರು ಮಾಡಿಬಿಡಲಿ. ಉಳಿದದ್ದನ್ನು ಆಮೇಲೆ ಸೇರಿಸಿಕೊಳ್ಳಬಹುದು. ನನ್ನ ಬಳಿ ಬಂದ ಆ ಹೆಂಗಸಿಗೆ 10 ವರ್ಷ ಯಾವತ್ತೋ ದಾಟಿತ್ತು. 2024ರ ಹೊತ್ತಿಗೆ ಎರಡೂ ಲೆಕ್ಕದಲ್ಲಿ 58 ಆಗಿತ್ತು. ಆಮೇಲೂ ತಡೆದದ್ದು ಯಾಕೆ ಅಂತ ನನಗೆ ಇವತ್ತಿಗೂ ತಿಳಿದಿಲ್ಲ. ಕೊನೆಗೆ ಬಂತು, 19 ವರ್ಷದ ಲೆಕ್ಕಕ್ಕೆ.

ಇನ್ನೊಂದು ಸಣ್ಣ ಕೆಲಸ. ವರ್ಷಕ್ಕೊಮ್ಮೆ ಬಟವಾಡೆ ದಿನ ಪ್ರತಿಯೊಬ್ಬರ ಕೈಗೆ ಕನ್ನಡದಲ್ಲಿ ಒಂದು ಚೀಟಿ ಸಿಗಲಿ. ಹೆಸರು, ಹುಟ್ಟಿದ ತಾರೀಕು, ಈ ತನಕ ಎಷ್ಟು ವರ್ಷ, ಇಷ್ಟೇ. ರೈಟರ್ ಅದನ್ನು ಜೋರಾಗಿ ಓದಲಿ. ತಪ್ಪಿದ್ದರೆ ಲೈನಿನವರು ಅಲ್ಲೇ ಕೂಗುತ್ತಾರೆ, 58ರ ತನಕ ಕಾಯುವುದಿಲ್ಲ. ಪ್ರತಿ ತಿಂಗಳ 27ಕ್ಕೆ ಪಿಎಫ್‌ನವರು ಜಿಲ್ಲೆ ಜಿಲ್ಲೆಯಲ್ಲಿ 'ನಿಧಿ ಆಪ್ಕೆ ನಿಕಟ್' (ನಿಧಿ ನಿಮ್ಮ ಹತ್ತಿರ) ಅಂತ ಶಿಬಿರ ಮಾಡುತ್ತಾರೆ, ಸಂತೋಷ. ನಮ್ಮ ಲೈನಿನಲ್ಲಿ ಆ ಹೆಸರು ಕೇಳಿದವರು ಯಾವುದೋ ಚೀಟಿ ವ್ಯವಹಾರ ಅಂದುಕೊಂಡಿದ್ದರು.

ಮುಚ್ಚಿಹೋದ ತೋಟದವರ ಪಿಂಚಣಿ ಅರ್ಜಿಗೆ ಸಹಿ ಹಾಕಬಹುದಾದವರ ಪಟ್ಟಿಯಲ್ಲಿ ಪೋಸ್ಟ್ ಮಾಸ್ಟರ್, ಬ್ಯಾಂಕ್ ಮ್ಯಾನೇಜರ್ ಜೊತೆ ಸಂಸದರೂ ಇದ್ದಾರೆ. ಹಾಗಾಗಿ ದಿಲ್ಲಿಯಲ್ಲಿ ಕಾರ್ಮಿಕ ಸಚಿವರಿಗೆ ಹೇಳುವುದರ ಜೊತೆಗೆ, ಒಂದು ದಿನ ಸಿದ್ದಾಪುರದಲ್ಲೋ ಪಾಲಿಬೆಟ್ಟದಲ್ಲೋ ಬಂದು ಕೂರಿ. ಪಿಎಫ್ ಅಧಿಕಾರಿಗಳನ್ನೂ ಕರೆತನ್ನಿ. ಸಂತೆ ದಿನ ಇಟ್ಟರೆ ಜನ ಹೇಗೂ ಪೇಟೆಗೆ ಬರುತ್ತಾರೆ, ಕೂಲಿಯೂ ಹೋಗುವುದಿಲ್ಲ. ನಮ್ಮ ತೋಟದ ಹಳೇ ಹಾಳೆ ಯಾವುದಾದರೂ ಸಿಕ್ಕಿದರೆ, ಅದು ನನ್ನದೇ ಅಕ್ಷರ, ತಾರೀಕು ನಾನೇ ಅಂದಾಜಿಗೆ ಹಾಕಿದ್ದು ಅಂತ ಎಲ್ಲರ ಎದುರು ಬರೆದುಕೊಡುತ್ತೇನೆ. ಮೇ ತಿಂಗಳ ಒಳಗೆ ಇಟ್ಟುಕೊಳ್ಳಿ. ಜೂನ್ ಬಂತು ಅಂದರೆ ನಮ್ಮ ಲೈನಿನ ದಾರಿಗೆ ಜೀಪೂ ಇಳಿಯುವುದಿಲ್ಲ.

ಇಂತಿ,
ಒಬ್ಬ ಹಳೇ ರೈಟರ್
ಸಿದ್ದಾಪುರ, ಕೊಡಗು