ನಮ್ಮ ಮನೆಯ ಭಾರ ಹೊತ್ತ ಪ್ಯಾರಿಷ್‌ಗೆ ವಂದನೆಗಳು

ಕರ್ತನಾದ ಯೇಸು ಕ್ರಿಸ್ತನ ನಾಮದಲ್ಲಿ ಎಲ್ಲರಿಗೂ ವಂದನೆಗಳು.

ಕಳೆದ ವಾರ ನನ್ನ ಹೆಂಡತಿಯ ರೇಡಿಯೋಥೆರಪಿ ಮುಗಿಯಿತು. ಸ್ತನ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಆಪರೇಷನ್, ಆಮೇಲೆ ಕೀಮೋ, ಅದರ ಹಿಂದೆಯೇ ರೇಡಿಯೋಥೆರಪಿ. ಇನ್ನು ಕೆಲವು ವರ್ಷ ದಿನಕ್ಕೊಂದು ಮಾತ್ರೆ ಇರುತ್ತದೆ, ವರ್ಷಕ್ಕೊಮ್ಮೆ ಮ್ಯಾಮೊಗ್ರಾಮ್ ಇರುತ್ತದೆ. ಡಾಕ್ಟರು ಸಮಾಧಾನದ ಮಾತು ಹೇಳಿ ಕಳಿಸಿದ್ದಾರೆ. ದೇವರಿಗೆ ಸ್ತೋತ್ರ. ರಾಯಲ್ ಬರ್ಕ್‌ಶೈರ್ ಆಸ್ಪತ್ರೆಯ ಡಾಕ್ಟರು ಮತ್ತು ನರ್ಸುಗಳಿಗೆ, ತುಮಕೂರಿನ ನಮ್ಮ ಸಭೆಯಲ್ಲಿ ಉಪವಾಸವಿದ್ದು ಪ್ರಾರ್ಥಿಸಿದ ಹಿರಿಯರಿಗೆ, ವಾರಾಂತ್ಯದಲ್ಲಿ ಚಪಾತಿ ಪಲ್ಯ ಹೊತ್ತು ತಂದ ಇಲ್ಲಿನ ಕನ್ನಡ ಗೆಳೆಯರಿಗೆ ನಾವು ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಿದ್ದೇವೆ. ಈ ಬರಹ ಇಂಗ್ಲೆಂಡಿನ ರೆಡಿಂಗ್ ಊರಿನ ನಮ್ಮ ಪ್ಯಾರಿಷ್ ಸಭೆಗೆ, ಅಂದರೆ ಇಲ್ಲಿ ನಾವು ಹೋಗುವ ಚರ್ಚಿನವರಿಗೆ.

ಅವರಿಗೆ ಇಂಗ್ಲಿಷಿನಲ್ಲಿ ಕಾಗದ ಬರೆದು ಕೊಟ್ಟಾಗಿದೆ. ಆದರೂ ಕನ್ನಡದಲ್ಲಿ ಬರೆಯುತ್ತಿರುವುದು ನಮ್ಮವರಿಗೆ ತಿಳಿಯಲಿ ಎಂದು. "ಪರದೇಶದಲ್ಲಿ ಒಬ್ಬೊಬ್ಬರೇ ಹೇಗೆ ನಿಭಾಯಿಸಿದಿರಿ?" ಎಂದು ಊರಿನಿಂದ ಎಷ್ಟೋ ಜನ ಕೇಳಿದ್ದಾರೆ. ನಾವು ಒಬ್ಬೊಬ್ಬರೇ ನಿಭಾಯಿಸಲಿಲ್ಲ. ಯಾರು ನಿಭಾಯಿಸಿದರು, ಹೇಗೆ ನಿಭಾಯಿಸಿದರು ಎನ್ನುವುದನ್ನು ಬಿಡಿಸಿ ಹೇಳಬೇಕು.

ಇಲ್ಲಿನ ಆಂಗ್ಲಿಕನ್ ಸಭೆಯಾದ ಚರ್ಚ್ ಆಫ್ ಇಂಗ್ಲೆಂಡಿನಲ್ಲಿ ಪ್ಯಾರಿಷ್ ಎಂದರೆ ಗಡಿಯಿರುವ ಒಂದು ಪ್ರದೇಶ. ಅದರೊಳಗೆ ವಾಸವಿರುವ ಪ್ರತಿಯೊಬ್ಬರ ಹೊಣೆಯೂ ಅಲ್ಲಿನ ವಿಕಾರ್, ಅಂದರೆ ಸಭಾಪಾಲಕರ ಮೇಲಿರುತ್ತದೆ. ಆರಾಧನೆಗೆ ಬರುವವರು, ಬಾರದವರು ಎಂಬ ಭೇದವಿಲ್ಲ. ನಾವು ಸಿಎಸ್‌ಐನವರು, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದವರು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು ಒಂದಾಗಿ ಹುಟ್ಟಿದ ಸಭೆ ನಮ್ಮದು. ಹಾಗಾಗಿ ಇಲ್ಲಿಗೆ ಬಂದಾಗ ಆರಾಧನೆಯ ಕ್ರಮ ಹೊಸದೆನಿಸಲಿಲ್ಲ. ಭಾನುವಾರ ಬೆಳಿಗ್ಗೆ ಹತ್ತರ ಆರಾಧನೆಗೆ ಹೋಗುವುದು, ಆಮೇಲೆ ಹಿಂದುಗಡೆ ಕಾಫಿ ಬಿಸ್ಕತ್ತು ತೆಗೆದುಕೊಂಡು ನಾಲ್ಕು ಮಾತಾಡಿ ಬರುವುದು, ಇಷ್ಟೇ ನಮ್ಮ ಒಡನಾಟ ಇತ್ತು. ಕಾಯಿಲೆ ಬಂದ ಮೇಲೆಯೇ ಆ ಕಾಫಿಯ ಹಿಂದೆ ಎಂಥ ಏರ್ಪಾಡು ಇದೆ ಎಂದು ಕಂಡಿದ್ದು.

ಪ್ಯಾರಿಷ್‌ನಲ್ಲಿ ಪಾಸ್ಟೋರಲ್ ಕೇರ್ ತಂಡ ಅಂತ ಒಂದಿದೆ, ಕಷ್ಟದಲ್ಲಿರುವವರ ಮನೆಗೆ ಹೋಗಿ ವಿಚಾರಿಸಿಕೊಳ್ಳುವ ತಂಡ. ಎಲ್ಲರೂ ಸಾಮಾನ್ಯ ಸಭಿಕರೇ: ನಿವೃತ್ತ ಟೀಚರು, ಲೈಬ್ರರಿಯಲ್ಲಿ ಕೆಲಸ ಮಾಡುವವರು, ಬಸ್ ಓಡಿಸಿ ನಿವೃತ್ತರಾದ ಒಬ್ಬರು. ಡಯಾಸಿಸ್, ಅಂದರೆ ಬಿಷಪ್ಪರ ಆಡಳಿತ ಪ್ರಾಂತ್ಯದ ಕಡೆಯಿಂದ ಅವರಿಗೆ ತರಬೇತಿ ಆಗಿರುತ್ತದೆ. ಅಪರಾಧ ಹಿನ್ನೆಲೆ ಇಲ್ಲವೆಂದು ಸರ್ಕಾರಿ ತಪಾಸಣೆ ಆಗಿರುತ್ತದೆ. ಸಭೆಯ ಮುಂದೆ ನಿಲ್ಲಿಸಿ, ಅವರ ಮೇಲೆ ಪ್ರಾರ್ಥಿಸಿ ಈ ಸೇವೆಗೆ ನೇಮಿಸಿರುತ್ತಾರೆ. ಒಬ್ಬೊಬ್ಬರಿಗೆ ಕೆಲವು ಮನೆಗಳನ್ನು ಹಂಚಿಕೊಟ್ಟು, ವಿಕಾರ್ ಆಗಾಗ ಅವರೊಂದಿಗೆ ಕೂತು ವಿಚಾರಿಸುತ್ತಾರೆ. ಕೇಳಿದ್ದನ್ನು ಇನ್ನೊಬ್ಬರ ಕಿವಿಗೆ ಹಾಕಬಾರದು ಎನ್ನುವುದು ಅವರ ಮೊದಲ ನಿಯಮ.

ನಮ್ಮ ಪಾಲಿಗೆ ಬಂದವರು ಆ ನಿವೃತ್ತ ಟೀಚರು. ಮೊದಲ ಸಲ ಫೋನ್ ಮಾಡಿ ಅವರು ಕೇಳಿದ್ದು ಮೂರು ವಿಷಯ. ಮನೆಗೆ ಬರಬಹುದೇ? ಚರ್ಚಿನಲ್ಲಿ ಇತರರಿಗಾಗಿ ಮಾಡುವ ಮಧ್ಯಸ್ಥಿಕೆಯ ಪ್ರಾರ್ಥನೆಯಲ್ಲಿ ಹೆಸರು ಹೇಳಬಹುದೇ, ಹೇಳುವುದಾದರೆ ಪೂರ್ತಿ ಹೆಸರೋ, ಮೊದಲ ಹೆಸರೊಂದೇ ಸಾಕೋ? ಕಾಯಿಲೆ ಏನೆಂದು ಸಭೆಗೆ ತಿಳಿಸಬೇಕೋ ಬೇಡವೋ? ಕಾಯಿಲೆಯ ಹೆಸರು ಬೇಡ ಎಂದಳು ನನ್ನ ಹೆಂಡತಿ. ಕೊನೆಯವರೆಗೂ ಆ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ನಮ್ಮಲ್ಲಿ ಪ್ರೀತಿಗೇನೂ ಕಡಿಮೆಯಿಲ್ಲ. ಆದರೆ ಹೆಂಗಸಿನ ಕಾಯಿಲೆ ಒಂದು ಮನೆಯಿಂದ ಇನ್ನೊಂದು ಮನೆಗೆ ಪ್ರಾರ್ಥನೆ ವಿಷಯವಾಗಿಯೇ ಹರಡುವುದನ್ನು ನಾನು ನೋಡಿದ್ದೇನೆ. ಆಕೆಯ ದೇಹದ ವಿಷಯ ಆಕೆಯ ಕೈಯಲ್ಲೇ ಉಳಿಯುವಂತೆ ನೋಡಿಕೊಂಡರಲ್ಲ, ಅದಕ್ಕೆ ನನ್ನ ಮೊದಲ ವಂದನೆ.

ಕಷ್ಟದ ಹೊತ್ತಿನಲ್ಲಿ "ಏನು ಬೇಕಿದ್ದರೂ ಹೇಳಿ" ಎನ್ನುವವರು ಬಹಳ. ಮನಸ್ಸಿನಿಂದಲೇ ಹೇಳುತ್ತಾರೆ, ನಿಜ. ಆದರೆ ಬಾಯಿಬಿಟ್ಟು ಕೇಳುವುದು ಸುಲಭವಲ್ಲ. ನಮ್ಮ ಟೀಚರು ಕೇಳುತ್ತಿದ್ದ ರೀತಿಯೇ ಬೇರೆ. "ಮಂಗಳವಾರ ಮಗಳನ್ನು ಸ್ಕೂಲಿನಿಂದ ನಾನು ಕರೆದುಕೊಂಡು ಬರಲಾ, ಇಲ್ಲ ಗುರುವಾರ ಬರಲಾ?" ಹೀಗೆ ಕೇಳಿದರೆ ಬೇಡ ಎನ್ನಲು ಬಾಯಿ ಬರುವುದಿಲ್ಲ, ಸಂಕೋಚವೂ ಆಗುವುದಿಲ್ಲ. ಊಟಕ್ಕೂ ಹಾಗೇ ಪಟ್ಟಿ ಮಾಡಿದರು. ಕೀಮೋ ನಡೆಯುವಾಗ ಯಾವುದು ತಿನ್ನಬಾರದು, ಯಾವ ವಾಸನೆಗೆ ಹೊಟ್ಟೆ ತೊಳಸುತ್ತದೆ, ಮಕ್ಕಳಿಗೆ ಏನು ಇಷ್ಟ ಎಂದು ಮೊದಲೇ ಕೇಳಿ ಬರೆದುಕೊಂಡು ಅಡುಗೆಯವರಿಗೆಲ್ಲ ಕೊಟ್ಟಿದ್ದರು. ಡಬ್ಬಿಯನ್ನು ಬಾಗಿಲ ಹೊರಗಿಟ್ಟು ಬೆಲ್ ಮಾಡಿ ಹೋಗುತ್ತಿದ್ದರು, ಎದ್ದು ಬಂದು ಮಾತಾಡಿಸುವ ಶ್ರಮ ಅವಳಿಗಾಗದಿರಲಿ ಎಂದು. ಅವಳಿಗೆ ಸೇರುತ್ತಿದ್ದುದು ಗಂಜಿ, ಮೆಣಸಿನ ಸಾರು ಎರಡೇ. ಅದು ತಿಳಿದ ಮೇಲೆ ಲೈಬ್ರರಿಯ ಹೆಂಗಸು ನಮ್ಮತ್ತೆಯ ಪಕ್ಕ ನಿಂತು ಮೆಣಸಿನ ಸಾರು ಮಾಡುವುದನ್ನು ಕಲಿತರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಹುಣಸೆಹಣ್ಣು ಎಷ್ಟು ಎನ್ನುವುದನ್ನು ಅತ್ತೆ ಬೆರಳಿನಲ್ಲೇ ತೋರಿಸಿದರು. ವೀಸಾದ ಆರು ತಿಂಗಳು ಮುಗಿದು ಅತ್ತೆ ಊರಿಗೆ ಹೊರಟ ಮೇಲೂ ನಮ್ಮ ಮನೆಗೆ ಸಾರು ಬರುವುದು ನಿಲ್ಲಲಿಲ್ಲ.

ಕೀಮೋ ಸಮಯದಲ್ಲಿ ಬಿಳಿ ರಕ್ತಕಣ ಕಡಿಮೆಯಾಗಿ, ಜನ ಸೇರುವ ಕಡೆ ಹೋಗಬಾರದೆಂದು ಡಾಕ್ಟರು ಹೇಳಿದ್ದರು. ಚರ್ಚಿಗೆ ಹೋಗಲಾಗದ್ದು ಅವಳಿಗೆ ಕೂದಲು ಉದುರಿದ್ದಕ್ಕಿಂತ ಹೆಚ್ಚಿನ ಸಂಕಟ. ಆಗ ಭಾನುವಾರದ ಆರಾಧನೆಯಲ್ಲಿ ಪವಿತ್ರೀಕರಿಸಿದ ಕರ್ತನ ಭೋಜನವನ್ನು, ಅಂದರೆ ಯೇಸುವಿನ ಕೊನೆಯ ಊಟದ ನೆನಪಿಗೆ ಕೊಡುವ ರೊಟ್ಟಿ ದ್ರಾಕ್ಷಾರಸವನ್ನು, ಮನೆಗೇ ತಂದುಕೊಟ್ಟರು. ಬಿಷಪ್ ಅನುಮತಿ ಪಡೆದ ಸಭಿಕರು ಹೀಗೆ ಒಯ್ಯಬಹುದು. ಟೀಚರು ಮಾಸ್ಕ್ ಹಾಕಿಕೊಂಡು ಬಂದು, ಕೈಗೆ ಜೆಲ್ ಹಚ್ಚಿ ಒರೆಸಿಕೊಂಡು, ಊಟದ ಮೇಜಿನ ಮೇಲೆ ಸಣ್ಣದೊಂದು ಬಿಳಿ ಬಟ್ಟೆ ಹಾಸಿದರು. ಮೇಜಿನ ತುಂಬ ಮಾತ್ರೆಯ ಡಬ್ಬಿ, ಥರ್ಮಾಮೀಟರು, ಆಸ್ಪತ್ರೆಯ ಕಾಗದ. ನಾನು ತೆಗೆಯಲು ಹೋದರೆ, ಇರಲಿ ಬಿಡಿ ಎಂದು ಅವುಗಳ ನಡುವೆಯೇ ಜಾಗ ಮಾಡಿಕೊಂಡರು. ಅಂಗೈಯೊಳಗೆ ಹಿಡಿಸುವ ಬೆಳ್ಳಿಯ ಡಬ್ಬಿ, ಅದರಲ್ಲಿ ತೆಳ್ಳನೆಯ ರೊಟ್ಟಿ. ಸೋಂಕಿನ ಭಯಕ್ಕೆ ಅವಳಿಗೆ ರೊಟ್ಟಿ ಮಾತ್ರ ಕೊಟ್ಟರು. ಕರ್ತನು ಕಲಿಸಿದ ಪ್ರಾರ್ಥನೆಯ ಹೊತ್ತಿಗೆ, "ನಿಮ್ಮ ನಿಮ್ಮ ಭಾಷೆಯಲ್ಲೇ ಹೇಳಿ, ನಿಧಾನವಾಗಿ" ಎಂದರು. ಬಂದಾಗಿನಿಂದ ಇಂಗ್ಲಿಷ್ ಬಾರದೆ ಮೂಲೆಯಲ್ಲಿ ಕೂರುತ್ತಿದ್ದ ಅತ್ತೆ, ಅಂದು ನಮ್ಮಿಬ್ಬರಿಗಿಂತ ಗಟ್ಟಿಯಾಗಿ ಕನ್ನಡದಲ್ಲಿ ಹೇಳಿದರು. ಅತ್ತೆ ಮುಗಿಸುವವರೆಗೂ ಟೀಚರು ಕಣ್ಣು ಮುಚ್ಚಿ ಕಾದರು.

ಅತ್ತೆ ಹೊರಟ ಮೇಲೆ ಒಂದು ರಾತ್ರಿ ಹೆಂಡತಿಗೆ ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿತು. ಕೀಮೋದವರಿಗೆ ಹಾಗಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮಕ್ಕಳು ಮಲಗಿದ್ದವು. ರಾತ್ರಿ ಯಾವ ಹೊತ್ತಿಗಾದರೂ ಕರೆಯಬಹುದು ಎಂದು ಇಬ್ಬರ ನಂಬರು ಫ್ರಿಜ್ಜಿನ ಮೇಲೆ ಅಂಟಿಸಿಕೊಟ್ಟಿದ್ದರು. ಕರೆದೆ. ಮದರ್ಸ್ ಯೂನಿಯನ್ ಸದಸ್ಯೆಯೊಬ್ಬರು ನೈಟ್‌ಡ್ರೆಸ್ ಮೇಲೆ ಕೋಟು ಹಾಕಿಕೊಂಡು ಬಂದರು. ಒಂದು ಪ್ರಶ್ನೆ ಕೇಳದೆ ಸೋಫಾದಲ್ಲಿ ಕೂತರು. ಬೆಳಿಗ್ಗೆ ಮಕ್ಕಳಿಗೆ ತಿಂಡಿ ಕೊಟ್ಟು ಸ್ಕೂಲಿಗೆ ಬಿಟ್ಟು ಆಮೇಲೆ ಮನೆಗೆ ಹೋದರು. ಅವರಿಗೆ ಎಪ್ಪತ್ತು ದಾಟಿದೆ.

ಮದರ್ಸ್ ಯೂನಿಯನ್ ಹೆಸರು ಕೇಳಿದವರು ಕಡಿಮೆ ಇರಬಹುದು. 1876ರಲ್ಲಿ ಹ್ಯಾಂಪ್‌ಶೈರಿನ ಓಲ್ಡ್ ಆಲ್ರೆಸ್‌ಫರ್ಡ್ ಎಂಬ ಹಳ್ಳಿಯಲ್ಲಿ ಸಭಾಪಾಲಕರ ಹೆಂಡತಿ ಮೇರಿ ಸಮ್ನರ್ ಶುರು ಮಾಡಿದ ತಾಯಂದಿರ ಕೂಟ ಅದು. ಈಗ ಲೋಕದ ಬಹಳ ದೇಶಗಳಲ್ಲಿದೆ. ನಮ್ಮ ಸಿಎಸ್‌ಐ ಸಭೆಗಳ ಸ್ತ್ರೀಯರ ಅನ್ಯೋನ್ಯ ಕೂಟವನ್ನು ಬಲ್ಲವರಿಗೆ ಇದರ ರೀತಿನೀತಿ ಬೇಗ ಅರ್ಥವಾಗುತ್ತದೆ. ಆ ಕೂಟದ ಹೆಂಗಸರು ಅವಳಿಗೆ ಟೋಪಿ ಹೆಣೆದುಕೊಟ್ಟರು. ಉಣ್ಣೆ ಚುಚ್ಚುತ್ತದೆಂದು ಹತ್ತಿಯ ನೂಲು, ಬೋಳುತಲೆಗೆ ಒತ್ತದಂತೆ ಎಲ್ಲೂ ಹೊಲಿಗೆಯ ಏಣು ಇಲ್ಲ. ಹೆಣೆದವರಲ್ಲಿ ಒಬ್ಬರು ಇದೇ ಕಾಯಿಲೆಯನ್ನು ದಾಟಿ ಬಂದವರು, ಅವರಿಗೆ ಗೊತ್ತಿತ್ತು.

ಇನ್ನು ನನ್ನ ವಿಷಯ. ಬಸ್ ಓಡಿಸುತ್ತಿದ್ದ ಹಿರಿಯರು ಶನಿವಾರ ನನ್ನನ್ನು ಕೆನೆಟ್ ನದಿ ದಂಡೆಗೆ ನಡೆಯಲು ಕರೆದುಕೊಂಡು ಹೋಗುತ್ತಿದ್ದರು. ಥೇಮ್ಸ್ ಸೇರುವ ತನಕ ನಡೆದು ವಾಪಸ್ಸು. ಹೆಚ್ಚು ಮಾತಿಲ್ಲ. ಆದರೆ ಕೆಲಸಕ್ಕೆ ಬರುವ ವಿಷಯಗಳನ್ನೆಲ್ಲ ಅವರೇ ಹೇಳಿಕೊಟ್ಟಿದ್ದು. ಇಂಗ್ಲೆಂಡಿನಲ್ಲಿ 2009ರಿಂದ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಔಷಧಿ ಚೀಟಿಗೆ ದುಡ್ಡು ಕೊಡಬೇಕಾಗಿಲ್ಲ, ಆದರೆ ಡಾಕ್ಟರ ಹತ್ತಿರ ಅರ್ಜಿಗೆ ಸಹಿ ಹಾಕಿಸಿ ವಿನಾಯಿತಿ ಪ್ರಮಾಣಪತ್ರ ತರಿಸಿಕೊಳ್ಳಬೇಕು. 2024ರ ಏಪ್ರಿಲ್‌ನಿಂದ, ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರಿಗೆ ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ವರ್ಷಕ್ಕೆ ಒಂದು ವಾರ, ಸಂಬಳವಿಲ್ಲದ ರಜೆಯ ಹಕ್ಕು ಇದೆ. ಇಲ್ಲಿರುವ ಕನ್ನಡದವರು ಇವೆರಡನ್ನೂ ನೆನಪಿಟ್ಟುಕೊಳ್ಳಿ. ರೇಡಿಯೋಥೆರಪಿ ಶುರುವಾಗಿ ಸೋಮವಾರದಿಂದ ಶುಕ್ರವಾರ ಪ್ರತಿದಿನ ಆಸ್ಪತ್ರೆ ಎಂದಾದಾಗ, ಅಷ್ಟು ರಜೆ ನನ್ನಲ್ಲಿ ಉಳಿದಿರಲಿಲ್ಲ. ಕಾರು ಓಡಿಸುವವರ ಪಟ್ಟಿ ಮಾಡಿ ಅವಳನ್ನು ಕರೆದೊಯ್ದು ಕರೆತಂದವರೂ ಇವರೇ. ಮನೆಯ ಗಂಡಸಿಗೆ ಧೈರ್ಯ ಹೇಳುವುದು ಎಂದರೆ ಉಪದೇಶ ಮಾಡುವುದು ಎಂದುಕೊಂಡವರೇ ಹೆಚ್ಚು. ಈ ಹಿರಿಯರು ಉಪದೇಶ ಮಾಡಲಿಲ್ಲ, ದಾರಿ ತೋರಿಸಿದರು.

ಮಂಗಳವಾರ ಸಂಜೆ ಹೋಮ್ ಗ್ರೂಪ್ ಸೇರುತ್ತದೆ. ಯಾರದೋ ಮನೆಯ ಹಜಾರದಲ್ಲಿ ಹತ್ತು ಜನ, ಟೀ, ಸತ್ಯವೇದದ ಒಂದು ಭಾಗ, ಆಮೇಲೆ ಒಬ್ಬರಿಗೊಬ್ಬರು ಪ್ರಾರ್ಥನೆ. ನಮ್ಮ ಮನೆ ಪ್ರಾರ್ಥನಾ ಕೂಟದಲ್ಲಿ ಎಲ್ಲರೂ ಗಟ್ಟಿಯಾಗಿ ಪ್ರಾರ್ಥಿಸುತ್ತಾರೆ, ಹಾಡುತ್ತಾರೆ, ಕಣ್ಣೀರು ಹಾಕುತ್ತಾರೆ. ಇಲ್ಲಿ ಬಹಳ ಹೊತ್ತು ಸುಮ್ಮನೆ ಕೂರುತ್ತಾರೆ. ಮೊದಮೊದಲು ನನಗೆ ಕಸಿವಿಸಿಯಾಗುತ್ತಿತ್ತು. ಫಲಿತಾಂಶಕ್ಕೆ ಕಾಯುತ್ತಿದ್ದ ವಾರ ನನಗೆ ಪ್ರಾರ್ಥಿಸಲು ಮಾತೇ ಬರಲಿಲ್ಲ. ಆ ಮೌನದಲ್ಲಿ ಅವರ ನಡುವೆ ಕೂತಿದ್ದೆ, ಅಷ್ಟೇ ಸಾಕಾಯಿತು. ಹಾಗಂತ ನಮ್ಮ ಕೂಟದ ಹಾಡು ಬಿಟ್ಟುಕೊಡಲೂ ನಾನು ಸಿದ್ಧನಿಲ್ಲ. ನನಗೆ ಎರಡೂ ಬೇಕು.

ಒಂದು ವಿಷಯ ಇಲ್ಲಿ ಹೇಳಲೇಬೇಕು. ತುಮಕೂರಿನ ನಮ್ಮ ಸಭೆ ವೆಸ್ಲಿಯನ್ ಮಿಷನ್ ಮೂಲದ್ದು. ಮೆಥಡಿಸ್ಟ್ ಪಂಥಕ್ಕೆ ಮೂಲಪುರುಷರಾದ ಜಾನ್ ವೆಸ್ಲಿ 1791ರಲ್ಲಿ ತೀರಿಕೊಳ್ಳುವವರೆಗೂ ಆಂಗ್ಲಿಕನ್ ಯಾಜಕರಾಗಿಯೇ ಇದ್ದವರು. 1742ರಲ್ಲಿ ಬ್ರಿಸ್ಟಲ್‌ನಲ್ಲಿ ಪ್ರಾರ್ಥನಾ ಮಂದಿರದ ಸಾಲ ತೀರಿಸಲು ಹನ್ನೆರಡು ಹನ್ನೆರಡು ಜನರ ಗುಂಪು ಮಾಡಿ, ಪ್ರತಿ ಗುಂಪಿನ ಮುಖಂಡ ವಾರಕ್ಕೊಮ್ಮೆ ಒಂದೊಂದು ಪೆನ್ನಿ ಕೂಡಿಸುವ ಏರ್ಪಾಡು ಮಾಡಿದರು. ದುಡ್ಡಿಗೆಂದು ಮನೆಮನೆಗೆ ಹೋದವರಿಗೆ ಯಾರಿಗೆ ಹುಷಾರಿಲ್ಲ, ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ, ಯಾರ ಬದುಕು ದಾರಿ ತಪ್ಪಿದೆ ಎಂಬುದೆಲ್ಲ ಕಂಡಿತು. ಸಾಲದ ಲೆಕ್ಕ ಹಿಂದೆ ಸರಿದು, ಒಬ್ಬರನ್ನೊಬ್ಬರು ನೋಡಿಕೊಳ್ಳುವ ಕೂಟವಾಗಿ ಅದು ಬೆಳೆಯಿತು. ನಾನು ಚಿಕ್ಕವನಿದ್ದಾಗ ಚರ್ಚಿನ ಚಂದಾ ಕೇಳಲು ಬರುತ್ತಿದ್ದ ಹಿರಿಯರು ರಸೀದಿ ಹರಿಯುವ ಮುಂಚೆ ಅಜ್ಜಿಯ ಮಂಡಿ ನೋವು ವಿಚಾರಿಸುತ್ತಿದ್ದರು. ಬ್ರಿಸ್ಟಲ್ ರೆಡಿಂಗಿನಿಂದ ನೇರ ರೈಲು ದಾರಿ. ನಮ್ಮನ್ನು ಕಾಪಾಡಿದ ಈ ಪದ್ಧತಿ ನಮ್ಮ ಊರಿನದೂ ಹೌದು ಎಂದು ಗೊತ್ತಾದಾಗ ನನಗೆ ಆದ ಸಂತೋಷ ಇಷ್ಟಿಷ್ಟಲ್ಲ.

ಅದಕ್ಕೇ ನಮ್ಮ ಊರಿನ ಸಭೆಗಳವರಲ್ಲಿ ಒಂದು ಬಿನ್ನಹ. ಪ್ರೀತಿ ನಮ್ಮಲ್ಲೂ ತುಂಬಿದೆ. ಆದರೆ ಯಾವ ಮನೆ ಯಾರ ಹೊಣೆ ಎಂದು ಬರೆದಿಟ್ಟರೆ ಯಾರೂ ಕೈತಪ್ಪಿ ಹೋಗುವುದಿಲ್ಲ. ಇಲ್ಲದಿದ್ದರೆ ಎಲ್ಲರೂ ಬಲ್ಲ ಮನೆಗೆ ಹತ್ತು ಜನ ಹೋಗುತ್ತಾರೆ, ಸಂಕೋಚದವರ ಮನೆಗೆ ಒಬ್ಬರೂ ಹೋಗುವುದಿಲ್ಲ. ಸಭಾಪಾಲಕರೊಬ್ಬರೇ ಎಷ್ಟು ಮನೆ ಹತ್ತಿಳಿದಾರು?

ಮಕ್ಕಳ ಪರವಾಗಿ ಮೆಸ್ಸಿ ಚರ್ಚ್ ತಂಡಕ್ಕೂ ವಂದನೆ. ಮಕ್ಕಳು ಮನೆಯವರೊಂದಿಗೆ ಬಂದು ಸೇರುವ ಕೂಟ ಅದು. ಬಣ್ಣ, ಅಂಟು, ಕಥೆ, ಕೊನೆಗೆ ಎಲ್ಲರೂ ಕೂತು ಊಟ. ಅಮ್ಮ ಮಲಗಿದ್ದ ದಿನಗಳಲ್ಲಿ ನನ್ನ ಮಗಳು ಮನಬಿಚ್ಚಿ ನಕ್ಕ ಜಾಗ ಅದೊಂದೇ.

ನಮ್ಮ ಪದ್ಧತಿಯಂತೆ ಕೃತಜ್ಞತಾ ಕಾಣಿಕೆ ಹಿಡಿದುಕೊಂಡು ವಿಕಾರ್ ಅವರನ್ನು ಕಂಡೆವು. ಕಷ್ಟದಲ್ಲಿರುವ ಮನೆಗಳಿಗೆ ಸದ್ದಿಲ್ಲದೆ ಕೊಡಲು ಅವರ ಕೈಯಲ್ಲಿ ಒಂದು ನಿಧಿ ಇದೆ, ಅದಕ್ಕೆ ಹಾಕೋಣ ಎಂದರು. ಹಾಗೇ ಆಗಲಿ ಎಂದೆವು. ಮನೆಭೇಟಿ ತಂಡಕ್ಕೆ ನಾನೂ ಸೇರುತ್ತೇನೆ ಎಂದಳು ನನ್ನ ಹೆಂಡತಿ. ಟೀಚರು ಅವಳ ಕೈ ಹಿಡಿದು, ಮೊದಲು ಚೆನ್ನಾಗಿ ಉಣ್ಣು, ನಿದ್ದೆ ಮಾಡು, ಮುಂದಿನ ವರ್ಷ ಮಾತಾಡೋಣ ಎಂದಿದ್ದಾರೆ. ಅವಳು ಒಪ್ಪಿದ್ದಾಳೆ.

ಬರುವ ಭಾನುವಾರ ಆರಾಧನೆ ಆದ ಮೇಲೆ ಚರ್ಚ್ ಹಾಲಿನಲ್ಲಿ ನಮ್ಮ ಕಡೆಯಿಂದ ಊಟ. ಬಿಸಿಬೇಳೆಬಾತು, ಮೊಸರನ್ನ, ಹೆಸರುಬೇಳೆ ಪಾಯಸ, ಜೊತೆಗೆ ಲೈಬ್ರರಿಯವರು ಮಾಡುವ ಮೆಣಸಿನ ಸಾರು. ರೆಡಿಂಗ್ ಸುತ್ತಮುತ್ತಲಿನ ಕನ್ನಡದವರು, ಯಾವ ಮತದವರಾದರೂ ಸರಿ, ಮಕ್ಕಳನ್ನು ಕರೆದುಕೊಂಡು ಬನ್ನಿ. ಬಂದು ಈ ಜನರನ್ನು ಒಮ್ಮೆ ನೋಡಿ ಮಾತಾಡಿಸಿ.