ಸಿಟ್ಟಿಗೆ ಇರುವ ವಿನಾಯಿತಿ ಕಾಯಿಲೆಗೇಕಿಲ್ಲ?

ಮಾನ್ಯ ಸಂಪಾದಕರೇ,

ಕೊಲೆ ಪ್ರಕರಣಗಳಲ್ಲಿ ಆರೋಪಿಗೆ ತೀವ್ರ ಮಾನಸಿಕ ಕಾಯಿಲೆ ಇದ್ದರೂ ನಮ್ಮ ಕಾನೂನಿಗೆ ಎರಡೇ ದಾರಿ ಗೊತ್ತು: ಪೂರ್ತಿ ಬಿಡುಗಡೆ, ಇಲ್ಲವೇ ಪೂರ್ತಿ ಅಪರಾಧ.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ ಇದು ಬದಲಾಗಬಹುದು ಎಂದುಕೊಂಡಿದ್ದೆ. ಮಾನಸಿಕ ಅಸ್ವಸ್ಥರಿಗೆ ರಕ್ಷಣೆ ಕೊಡುವ, ಹಳೆಯ ದಂಡ ಸಂಹಿತೆಯ (ಐಪಿಸಿ) 84ನೇ ಸೆಕ್ಷನ್ 22 ಎಂಬ ಹೊಸ ನಂಬರ್ ಪಡೆಯಿತು, ಅಷ್ಟೇ. ಏನು ಮಾಡುತ್ತಿದ್ದೇನೆ ಅಥವಾ ಅದು ತಪ್ಪು ಎಂಬುದೇ ತಿಳಿಯದಷ್ಟು ಮನಸ್ಸು ಕೆಟ್ಟಿದ್ದರೆ ಮಾತ್ರ ಅದರ ರಕ್ಷಣೆ. ಅದನ್ನು ತೋರಿಸಿಕೊಡುವ ಹೊರೆಯೂ ಆರೋಪಿಯದೇ. ತಪ್ಪೆಂದು ಗೊತ್ತಿದ್ದೂ ಕಾಯಿಲೆಯಿಂದಾಗಿ ತಡೆದುಕೊಳ್ಳಲಾಗದವರ ಗತಿ ಏನು? ಹೆರಿಗೆಯ ನಂತರ ತೀವ್ರ ಖಿನ್ನತೆಗೆ ಬಿದ್ದು ಮಗುವಿನ ಜೀವ ತೆಗೆದ ತಾಯಿಗೂ ಜೀವಾವಧಿಗಿಂತ ಕಡಿಮೆ ಶಿಕ್ಷೆ ಕೊಡಲು ಕೊಲೆಯ ಸೆಕ್ಷನ್‌ನಲ್ಲಿ ಜಾಗವಿಲ್ಲ.

ಇಂಗ್ಲೆಂಡ್ 1957ರಲ್ಲೇ ನಡುದಾರಿ ಮಾಡಿಕೊಂಡಿತು. ಅಲ್ಲಿ ಇಂಥವರನ್ನು ಸುಮ್ನೆ ಬಿಟ್ಟುಬಿಡುವುದಿಲ್ಲ. ಅಪರಾಧ ಕೊಲೆಯಿಂದ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ, ಶಿಕ್ಷೆ ಎಷ್ಟೆಂದು ನ್ಯಾಯಾಧೀಶರು ತೀರ್ಮಾನಿಸುತ್ತಾರೆ.

ನಮ್ಮಲ್ಲೂ ಯಾರೋ ವಿಪರೀತ ಕೆಣಕಿದ್ದಕ್ಕೆ ದಿಢೀರ್ ಸಿಟ್ಟಿನಲ್ಲಿ ಕೊಂದವನಿಗೆ ಸಂಹಿತೆಯ 101ನೇ ಸೆಕ್ಷನ್ ಇದೇ ವಿನಾಯಿತಿ ಕೊಡುತ್ತದೆ. ಸಿಟ್ಟಿಗೆ ಸಿಗುವುದು ಕಾಯಿಲೆಗೆ ಸಿಗುವುದಿಲ್ಲ ಅಂದ್ರೆ ವಿಚಿತ್ರ ಅಲ್ವಾ?

ಆ ಸೆಕ್ಷನ್‌ನ ಐದು ವಿನಾಯಿತಿಗಳ ಜೊತೆ ಸಂಸತ್ತು ಆರನೆಯದನ್ನು ಸೇರಿಸಲಿ. ಕಾಯಿಲೆಯ ನಾಟಕ ಆಡುವವರು ಇರುತ್ತಾರೆ ಎಂಬ ಭಯ ನಿಜ. ಅದಕ್ಕಾಗಿ ಸರ್ಕಾರಿ ಮನೋವೈದ್ಯರ ತಂಡದ ವರದಿಯನ್ನು ಕಡ್ಡಾಯ ಮಾಡಬಹುದು.

– ಓದುಗ, ಧಾರವಾಡ